ಉತಾರದ ಗಣಕ: ಸ್ಥಿರ ಆವೃತ್ತಿಯೋ, ಉರುಳುವ ಆವೃತ್ತಿಯೋ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯ ತಹಶೀಲ್ದಾರ ಕಚೇರಿಗಳಲ್ಲಿ ರೈತರ ನಿತ್ಯದ ವ್ಯವಹಾರಕ್ಕೆ ಕಂಪ್ಯೂಟರು ಕಾಲಿಟ್ಟದ್ದು ಭೂದಾಖಲೆಗಳನ್ನು ಗಣಕಕ್ಕೇರಿಸಿದ ಭೂಮಿ ಯೋಜನೆಯ ಜೊತೆಗೆ, 2000ದಿಂದ 2002ರ ನಡುವಿನ ಅವಧಿಯಲ್ಲಿ. ಗ್ರಾಮ ಲೆಕ್ಕಿಗನ, ಅಂದರೆ ತಲಾಟಿಯ, ಕೈಬರಹದ ಉತಾರ (ಪಹಣಿ) ಹಿಂದೆ ಸರಿಯಿತು. ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಸಿಗುತ್ತಿದ್ದ ‘ಕಂಪ್ಯೂಟರ ಉತಾರ’ ಬಂತು. ಅದರ ಮೇಲೆ ಅಚ್ಚಾಗುವ ಸರ್ವೆ ನಂಬರು, ಹಿಸ್ಸಾ, ಬೋಜಾಗಳ ಬಗ್ಗೆ ಚರ್ಚೆ ಬೇಕಾದಷ್ಟು ನಡೆದಿದೆ. ಅದನ್ನು ಅಚ್ಚು ಹಾಕುವ ಗಣಕದ ಕಾರ್ಯಾಚರಣ ವ್ಯವಸ್ಥೆ ಎಷ್ಟು ಕಾಲಕ್ಕೊಮ್ಮೆ ಬದಲಾಗಬೇಕು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕಿಟಕಿಯ ಬಳಿ ಕೇಳಲಿಲ್ಲ. ಕಚೇರಿ, ಶಾಲೆ, ಬ್ಯಾಂಕುಗಳ ಕಳೆದ ಇಪ್ಪತ್ತೈದು ವರ್ಷಗಳ ಗಣಕ ಇತಿಹಾಸದ ಬಹುಪಾಲು ತೊಡಕುಗಳಿಗೆ ಮೂಲ ಈ ಪ್ರಶ್ನೆಯಲ್ಲೇ ಇದೆ.

ಕಾರ್ಯಾಚರಣ ವ್ಯವಸ್ಥೆಗಳು ಬಳಕೆದಾರರನ್ನು ತಲಪುವ ಕ್ರಮ ಎರಡು ಬಗೆಯದು. ಮೊದಲನೆಯದು ಸ್ಥಿರ ಆವೃತ್ತಿ. ಸಾವಿರಾರು ತಂತ್ರಾಂಶಗಳನ್ನು ಒಂದು ಹಂತದಲ್ಲಿ ತಡೆದು ನಿಲ್ಲಿಸಿ, ಒಂದಕ್ಕೊಂದು ಹೊಂದುತ್ತವೆಯೇ ಎಂದು ತಿಂಗಳುಗಟ್ಟಲೆ ಪರೀಕ್ಷಿಸಿ, ಒಂದು ಸಂಖ್ಯೆ ಕೊಟ್ಟು ಬಿಡುಗಡೆ ಮಾಡುತ್ತಾರೆ. ಆಮೇಲೆ ಮೂರು, ಐದು ಅಥವಾ ಹತ್ತು ವರ್ಷ ಅದರ ನಡವಳಿಕೆ ಬದಲಾಗದು. ಭದ್ರತೆಯ ಲೋಪಗಳನ್ನಷ್ಟೇ ಸರಿಪಡಿಸುತ್ತಾರೆ. ಎರಡನೆಯದು ಉರುಳುವ ಆವೃತ್ತಿ, ಗಣಕದವರ ಬಾಯಲ್ಲಿ ರೋಲಿಂಗ್ ರಿಲೀಸ್. ಇಲ್ಲಿ ಸಂಖ್ಯೆಯೂ ಇಲ್ಲ, ಬಿಡುಗಡೆಯ ದಿನವೂ ಇಲ್ಲ. ಪ್ರತಿ ತಂತ್ರಾಂಶದ ಹೊಸ ರೂಪ ಸಿದ್ಧವಾದ ಹಾಗೆಲ್ಲ ಬಳಕೆದಾರರಿಗೆ ತಲಪುತ್ತದೆ. ಪರಿಷ್ಕರಿಸುತ್ತಲೇ ಇದ್ದರೆ ಒಮ್ಮೆ ಸ್ಥಾಪಿಸಿದ ವ್ಯವಸ್ಥೆ ಎಂದೂ ಹಳತಾಗುವುದಿಲ್ಲ, ಎಂದೂ ನಿಲ್ಲುವುದೂ ಇಲ್ಲ.

ಗಟ್ಟಿಯಾಗಿ ನಿಲ್ಲಿಸುವುದು ಮತ್ತು ನಿತ್ಯ ತಿದ್ದುವುದು ಇವೆರಡರ ಹೊಂದಾಣಿಕೆ ಈ ನಾಲ್ಕು ತಾಲ್ಲೂಕುಗಳ ಕಂದಾಯ ಕಚೇರಿಗಳಿಗೆ ಹೊಸದೇನಲ್ಲ. 1956ರ ತನಕ ಈ ಭಾಗ ಮುಂಬಯಿ ಆಡಳಿತದಲ್ಲಿತ್ತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಪುಣೆ ಬಳಿಯ ಇಂದಾಪುರದಲ್ಲಿ 1830ರ ದಶಕದಲ್ಲಿ ಆರಂಭಿಸಿದ, 1847ರ ಜಂಟಿ ವರದಿಯಲ್ಲಿ ನಿಯಮಗಳಾಗಿ ಗಟ್ಟಿಗೊಂಡ ಭೂಮಾಪನ ಪದ್ಧತಿ ದಕ್ಷಿಣದ ಕನ್ನಡ ಜಿಲ್ಲೆಗಳಿಗೂ ಹರಡಿತು. ಹೊಲವನ್ನು ಅಳೆದು, ಮಣ್ಣಿನ ದರ್ಜೆ ಗೊತ್ತುಮಾಡಿ, ಆಕಾರ ನಿಗದಿ ಮಾಡಿದರೆ ಅದು 30 ವರ್ಷ ಬದಲಾಗುವಂತಿಲ್ಲ. ರೈತ ಬಾವಿ ತೋಡಿದರೂ ಒಡ್ಡು ಹಾಕಿದರೂ ಆ ಅವಧಿಯಲ್ಲಿ ಕಂದಾಯ ಏರದು ಎಂಬ ಭರವಸೆಯೇ ಆ ಪದ್ಧತಿಯ ಜೀವಾಳ. ಆದರೆ ಹೊಲದ ಒಡೆಯ 30 ವರ್ಷ ಬದಲಾಗದೆ ಇರುತ್ತಾನೆಯೇ? ವಾಟ್ನಿ, ವಾರಸಾ, ಖರೀದಿ, ಅಡಮಾನ ಯಾವಾಗಲೂ ನಡೆದೇ ಇರುತ್ತವೆ. ಅದಕ್ಕಾಗಿ 1903ರಲ್ಲಿ ಮುಂಬಯಿ ಸರ್ಕಾರ ಹಕ್ಕು ದಾಖಲೆಯ ಪ್ರತ್ಯೇಕ ಕಾಯದೆ ತಂದಿತು. ಅಳತೆ ಮತ್ತು ಆಕಾರ ಒಂದು ಪುಸ್ತಕದಲ್ಲಿ ನಿಂತವು. ಹಕ್ಕಿನ ಬದಲಾವಣೆಗಳು ಇನ್ನೊಂದರಲ್ಲಿ ಬಂದ ಬಂದ ಹಾಗೆ ದಾಖಲಾದವು. ಅಲ್ಲೂ ಬರೆದ ಕೂಡಲೇ ಬದಲಾವಣೆ ಪಕ್ಕಾ ಆಗುತ್ತಿರಲಿಲ್ಲ. ನೋಟಿಸು ಹೊರಡಿಸಿ, ತಕರಾರಿಗೆ ಕಾಲಾವಕಾಶ ಕೊಟ್ಟು, ಮೇಲಿನ ಅಧಿಕಾರಿ ಪರಿಶೀಲಿಸಿದ ಮೇಲಷ್ಟೇ ಅದಕ್ಕೆ ಬಲ. ಏಕೀಕರಣದ ನಂತರದ ಕರ್ನಾಟಕದ 1964ರ ಭೂಕಂದಾಯ ಕಾಯದೆ ಈ ಚೌಕಟ್ಟನ್ನೇ ಮುಂದುವರಿಸಿತು.

ತಂತ್ರಾಂಶ ಲೋಕ ಇದೇ ವ್ಯವಸ್ಥೆಗೆ ಬಹಳ ತಡವಾಗಿ, ತನ್ನದೇ ದಾರಿಯಲ್ಲಿ ಬಂತು. 1993ರ ಆಗಸ್ಟಿನಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ, ಲಿನಕ್ಸ್ ಆಧಾರಿತ ಕಾರ್ಯಾಚರಣ ವ್ಯವಸ್ಥೆಯ ಡೆಬಿಯನ್ ಯೋಜನೆ 2000ದ ಸುಮಾರಿಗೆ ತನ್ನ ಕೆಲಸವನ್ನು ಮೂರು ಹಂತ ಮಾಡಿಕೊಂಡಿತು. ಹೊಸ ತಂತ್ರಾಂಶ ಮೊದಲು ‘ಅಸ್ಥಿರ’ ಶಾಖೆಗೆ ಬರುತ್ತದೆ. ಅಲ್ಲಿ ಕೆಲವು ದಿನ ಯಾರೂ ಗಂಭೀರ ದೋಷ ಎತ್ತದಿದ್ದರೆ ‘ಪರೀಕ್ಷಾ’ ಶಾಖೆಗೆ ದಾಟುತ್ತದೆ. ಪರೀಕ್ಷಾ ಶಾಖೆಗೆ ಬೀಗ ಹಾಕಿ, ಉಳಿದ ದೋಷಗಳನ್ನು ತೆಗೆದ ಮೇಲೆ ‘ಸ್ಥಿರ’ ಆವೃತ್ತಿ ಹುಟ್ಟುತ್ತದೆ. ತಕರಾರಿನ ಅವಧಿ ಇಲ್ಲಿಯೂ ಇದೆ. ಈ ಕ್ರಮದ ದೌರ್ಬಲ್ಯವೂ ಬೇಗನೆ ಕಂಡಿತು: 2002ರ ಜುಲೈಯಲ್ಲಿ ಒಂದು ಸ್ಥಿರ ಆವೃತ್ತಿ ಬಂದರೆ ಮುಂದಿನದಕ್ಕೆ 2005ರ ಜೂನ್ ತನಕ ಕಾಯಬೇಕಾಯಿತು. ಹೊಸ ಪ್ರಿಂಟರು, ಹೊಸ ಪರದೆ ಕೊಂಡವರು ಹಳೆಯ ಆವೃತ್ತಿಯೊಂದಿಗೆ ಹೆಣಗಿದರು. ಅದೇ 2002ರ ಮಾರ್ಚಿನಲ್ಲಿ ಜೆಂಟೂ 1.0 ಮತ್ತು ಜಡ್ ವಿನೆಟ್ ರೂಪಿಸಿದ ಆರ್ಚ್ ಲಿನಕ್ಸ್ ಬಂದವು. ಇವು ಕಾಯುವಿಕೆಯನ್ನೇ ತೆಗೆದುಹಾಕಿದವು. ಬದಲಿಗೆ ಪ್ರತಿ ಪರಿಷ್ಕರಣೆಯ ಮುನ್ನ ಸೂಚನೆ ಓದುವ, ಕೆಟ್ಟರೆ ಸರಿಪಡಿಸಿಕೊಳ್ಳುವ ಹೊಣೆಯನ್ನು ಬಳಕೆದಾರನ ಹೆಗಲಿಗೆ ಹಾಕಿದವು. 2004ರ ಅಕ್ಟೋಬರಿನಲ್ಲಿ ಬಂದ ಉಬುಂಟು ಆರು ತಿಂಗಳಿಗೊಂದು ಆವೃತ್ತಿಯ ನಡುದಾರಿ ಹಿಡಿಯಿತು. ಕಚೇರಿಗಳಿಗೆ ಅದೂ ಅವಸರವೆನಿಸಿದಾಗ 2006ರ ಜೂನಿನಲ್ಲಿ ದೀರ್ಘಕಾಲ ಬೆಂಬಲದ ಮೊದಲ ಆವೃತ್ತಿ ಹೊರಟಿತು.

ಭೂಮಿ ಯೋಜನೆ ಕಾರ್ಯರೂಪಕ್ಕೆ ಬಂದದ್ದು ಸರಿಯಾಗಿ ಇದೇ ಕಾಲದಲ್ಲಿ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವ, ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಾಂಶ. ರಾಜ್ಯದ ಆಗಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿ, 67 ಲಕ್ಷ ಹಿಡುವಳಿದಾರರು, ಸುಮಾರು 9,000 ಗ್ರಾಮ ಲೆಕ್ಕಿಗರ ಪುಸ್ತಕಗಳು. ಆಗ ಬಿಜಾಪುರ ಜಿಲ್ಲೆಯಲ್ಲಿದ್ದ ಐದು ತಾಲ್ಲೂಕುಗಳಲ್ಲಿ ಬಿಜಾಪುರ ಬಿಟ್ಟರೆ ಉಳಿದವು ಈ ನಾಲ್ಕೇ. ಪ್ರತಿ ತಾಲ್ಲೂಕಿಗೆ ತನ್ನದೇ ಸರ್ವರ್. ಬೆರಳಚ್ಚು ಕೊಟ್ಟ ನೌಕರನಿಗಷ್ಟೇ ದಾಖಲೆ ತಿದ್ದುವ ಅವಕಾಶ. ತಂತ್ರಾಂಶವನ್ನು ಬರೆದದ್ದು ವಿಂಡೋಸ್‌ಗಾಗಿ.

ವಿಂಡೋಸ್ ಎಂಬ ಆ ಆಯ್ಕೆಯನ್ನು ಇಂದು ನಿಂತು ಟೀಕಿಸುವುದು ಸುಲಭ. ಆಗ ಬೇರೆ ದಾರಿ ಇದ್ದದ್ದು ಕಡಿಮೆ, ಅದಕ್ಕೆ ಕಾರಣ ಕನ್ನಡವೇ. ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತಾದರೂ, ಒತ್ತಕ್ಷರ ಮತ್ತು ಗುಣಿತಗಳನ್ನು ಸರಿಯಾಗಿ ಜೋಡಿಸಿ ತೋರಿಸುವ ಶಕ್ತಿ ಕಾರ್ಯಾಚರಣ ವ್ಯವಸ್ಥೆಗಳಿಗೆ ಬಂದಿರಲಿಲ್ಲ. ವಿಂಡೋಸ್‌ನಲ್ಲೇ ಅದು ಬಂದದ್ದು 2001ರ ಅಕ್ಟೋಬರಿನ ಎಕ್ಸ್‌ಪಿಯೊಂದಿಗೆ, ‘ತುಂಗಾ’ ಅಕ್ಷರಶೈಲಿಯ ಮೂಲಕ. ಅದಕ್ಕೆ ಮೊದಲು ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದರ ನಂತರ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಕೆಲಸ ನಡೆಸಿದವು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಸರ್ಕಾರದ ಮನ್ನಣೆ ಪಡೆದು ಕಚೇರಿ ಕಚೇರಿಗೂ ಹೋಯಿತು. ನುಡಿ ನಡೆಯುವುದು ವಿಂಡೋಸ್ ಮೇಲೆ. ಅದರಲ್ಲಿ ಬರೆದ ಸುತ್ತೋಲೆಯನ್ನು ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಹೀಗೆ ಕನ್ನಡದ ದಾಖಲೆ ಒಂದು ಕಂಪನಿಯ ಒಂದು ಆವೃತ್ತಿಗೆ ಗಂಟು ಬಿತ್ತು. ಸರ್ಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿದ್ದು 2010ರ ದಶಕದ ಆರಂಭದಲ್ಲಿ. ಅಷ್ಟರೊಳಗೆ ಹತ್ತು ವರ್ಷದ ಕಾಗದಪತ್ರ ಹಳೆಯ ಸಂಕೇತದಲ್ಲಿ ಪೇರಿಕೊಂಡಿತ್ತು.

ಇದರ ಪರಿಣಾಮವಾಗಿ ತಾಲ್ಲೂಕು ಮಟ್ಟದಲ್ಲಿ ಒಂದು ಮೂರನೆಯ ಸ್ಥಿತಿ ಹುಟ್ಟಿತು. ಅದು ಸ್ಥಿರವೂ ಅಲ್ಲ, ಉರುಳುವುದೂ ಅಲ್ಲ, ಬರಿದೇ ನಿಂತುಹೋದದ್ದು. ಎಕ್ಸ್‌ಪಿ ಹನ್ನೆರಡೂವರೆ ವರ್ಷದ ದೀರ್ಘಾಯುಷಿ. ಅದರ ಬೆಂಬಲ 2014ರ ಏಪ್ರಿಲ್ 8ರಂದು ಮುಗಿಯಿತು. ಆ ಕಾಲದ ಅಸಂಖ್ಯ ಸರ್ಕಾರಿ ತಂತ್ರಾಂಶಗಳನ್ನು ಬರೆದ ವಿಷುಯಲ್ ಬೇಸಿಕ್ 6ರ ಬೆಂಬಲ ಅದಕ್ಕೂ ಮೊದಲೇ, 2008ರ ಏಪ್ರಿಲಿನಲ್ಲಿ, ಕೊನೆಗೊಂಡಿತ್ತು. ಆದರೂ ಗಣಕ ನಡೆಯುತ್ತಿದೆ, ಪ್ರಿಂಟರು ಒಪ್ಪುತ್ತಿದೆ, ನುಡಿ ತೆರೆಯುತ್ತಿದೆ. ಬದಲಾಯಿಸುವುದೇಕೆ ಎಂಬ ಮನೋಭಾವ ದೇಶದ ಎಲ್ಲೆಡೆ ಇತ್ತು. ಬೆಂಬಲವಿಲ್ಲದ ಹಳೆಯ ವ್ಯವಸ್ಥೆಯನ್ನು ಸ್ಥಿರ ಎಂದು ಕರೆಯುವುದು ಈ ಕ್ಷೇತ್ರದ ಅತಿ ದೊಡ್ಡ ತಪ್ಪು ತಿಳಿವಳಿಕೆ. ಸ್ಥಿರ ಆವೃತ್ತಿಯ ಹಿಂದೆ ದಿನನಿತ್ಯ ಕೆಲಸ ಮಾಡುವ ಜನ ಇರುತ್ತಾರೆ. ಹೊಸ ಆವೃತ್ತಿಯಲ್ಲಿ ಕಂಡ ಲೋಪದ ಪರಿಹಾರವನ್ನು ಅವರು ಹಳೆಯ ಆವೃತ್ತಿಗೆ ಹೊಂದುವಂತೆ ಕತ್ತರಿಸಿ ಹೊಲಿಯುತ್ತಾರೆ. ಆ ಕೆಲಸ ನಿಂತ ದಿನ ಆವೃತ್ತಿಯ ಸ್ಥಿರತೆಯೂ ಮುಗಿಯಿತು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶದ ದಾಳಿ ಇದನ್ನು ಜಗತ್ತಿಗೇ ತೋರಿಸಿತು. ಅದು ಬಳಸಿದ ಲೋಪಕ್ಕೆ ಪರಿಹಾರ ಎರಡು ತಿಂಗಳು ಮೊದಲೇ ಬಂದಿತ್ತು. ಹಾಕಿಕೊಳ್ಳದ ಗಣಕಗಳು ಬಿದ್ದವು. ಎಕ್ಸ್‌ಪಿಯ ಪಾಲಿಗೆ ಪರಿಹಾರವೇ ಇರಲಿಲ್ಲ. ದಾಳಿಯಾದ ಮೇಲೆ ಮೈಕ್ರೋಸಾಫ್ಟ್ ನಿಯಮ ಮೀರಿ ಒದಗಿಸಿತು. ಎಟಿಎಂಗಳನ್ನು ಎಕ್ಸ್‌ಪಿಯಿಂದ ಬಿಡಿಸಲು ರಿಸರ್ವ್ ಬ್ಯಾಂಕು 2018ರ ಜೂನಿನಲ್ಲಿ ಸುತ್ತೋಲೆ ಹೊರಡಿಸಿ, ಒಂದು ವರ್ಷದ ಗಡುವು ಹಾಕಬೇಕಾಯಿತು. ಬೆಂಬಲ ಮುಗಿದು ಆಗ ನಾಲ್ಕು ವರ್ಷ ದಾಟಿತ್ತು.

ಈ ಹೊತ್ತಿಗೆ ವಿಂಡೋಸ್‌ನ ದಾರಿಯೂ ಬದಲಾಗಿತ್ತು. 2015ರ ಜುಲೈಯಲ್ಲಿ ಬಂದ ವಿಂಡೋಸ್ 10 ವರ್ಷಕ್ಕೆರಡು ಬಾರಿ ತನ್ನನ್ನು ತಾನೇ ಹೊಸದು ಮಾಡಿಕೊಳ್ಳತೊಡಗಿತು. ಅರ್ಧ ಉರುಳುವ ಆವೃತ್ತಿಯೇ ಅದು. ಎಟಿಎಂ, ಆಸ್ಪತ್ರೆಯ ಯಂತ್ರಗಳಿಗಾಗಿ ಬದಲಾಗದ ಪ್ರತ್ಯೇಕ ಆವೃತ್ತಿಯನ್ನು ಮೈಕ್ರೋಸಾಫ್ಟ್ ಇಟ್ಟುಕೊಂಡಿತು, ಅಂದರೆ ಎಲ್ಲರಿಗೂ ಒಂದೇ ಗತಿ ಹೊಂದದು ಎಂದು ಅದೇ ಒಪ್ಪಿಕೊಂಡಂತಾಯಿತು. ಬೆಂಗಳೂರಿನ ಕಚೇರಿಗೆ ಗಿಗಾಬೈಟ್ ಗಾತ್ರದ ಅಪ್‌ಡೇಟ್ ಗೊತ್ತೇ ಆಗದು. ಮೊಬೈಲ್ ಡೇಟಾ ನಂಬಿ, ವಿದ್ಯುತ್ತಿನ ಕಣ್ಣುಮುಚ್ಚಾಲೆಯ ನಡುವೆ ನಡೆಯುವ ಸಣ್ಣ ಊರಿನ ಜೆರಾಕ್ಸ್ ಅಂಗಡಿಗೆ ಅದು ತಿಂಗಳ ಡೇಟಾದ ಪ್ರಶ್ನೆ, ಅರ್ಜಿ ತುಂಬುವ ಕೊನೆಯ ದಿನ ಗಣಕ ಅರ್ಧ ಗಂಟೆ ಸಿಗದೆ ಹೋಗುವ ಪ್ರಶ್ನೆ. ಉರುಳುವ ಆವೃತ್ತಿಗೆ ಬೇಕಾದ ಮೊದಲ ಬಂಡವಾಳ ಕೆಡದ ಸಂಪರ್ಕ. ಅದು ಇಲ್ಲದ ಕಾಲದಲ್ಲಿ ಉಬುಂಟು 2005ರಿಂದ 2011ರ ತನಕ ಕೇಳಿದವರಿಗೆಲ್ಲ ತನ್ನ ಸಿಡಿಯನ್ನು ಅಂಚೆಯಲ್ಲಿ ಉಚಿತವಾಗಿ ಕಳಿಸುತ್ತಿತ್ತು. ನಿಶ್ಚಿತ ಆವೃತ್ತಿಗಳನ್ನಷ್ಟೇ ಹೀಗೆ ಲಕೋಟೆಯಲ್ಲಿ ಹಾಕಿ ಕಳಿಸಲು ಸಾಧ್ಯ. ವಾರ ವಾರ ಬದಲಾಗುವ ವ್ಯವಸ್ಥೆ ಅಂಚೆಯವನು ಬಾಗಿಲಿಗೆ ಬರುವಷ್ಟರಲ್ಲಿ ಹಳತಾಗಿರುತ್ತದೆ.

ಶಾಲೆಗಳ ವಿಷಯದಲ್ಲಿ ಕನ್ನಡಿಗರ ಸ್ಪಷ್ಟ ಉದಾಹರಣೆ ರಾಜ್ಯದ ಗಡಿಯಾಚೆ ಕಾಸರಗೋಡಿನಲ್ಲಿದೆ. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ ಈ ಶತಮಾನದ ಆರಂಭದಲ್ಲೇ ಶುರುವಾಗಿ, ಮೊದಲ ದಶಕದ ನಡುವಿಗೆ ಸ್ವತಂತ್ರ ತಂತ್ರಾಂಶಕ್ಕೆ ಪೂರ್ತಿ ಹೊರಳಿತು. 2017ರಲ್ಲಿ ಅದು ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಕಲಿಯುವುದು ಇದೇ ವ್ಯವಸ್ಥೆಯಲ್ಲಿ. ಉಬುಂಟುವಿನ ದೀರ್ಘಕಾಲ ಬೆಂಬಲದ 18.04 ಮತ್ತು ಆಮೇಲೆ 22.04 ಆವೃತ್ತಿಗಳನ್ನು ಆಧಾರವಾಗಿಟ್ಟು ಕೈಟ್ ತನ್ನ ವ್ಯವಸ್ಥೆಯನ್ನು ಸಿದ್ಧಪಡಿಸಿತು. ಉರುಳುವ ಆವೃತ್ತಿ ಶಾಲೆಗೆ ಏಕೆ ಒಗ್ಗದು ಎಂಬುದಕ್ಕೆ ಪಠ್ಯಪುಸ್ತಕವೇ ಸಾಕ್ಷಿ: ಪುಟದಲ್ಲಿ ಅಚ್ಚಾದ ಮೆನುವಿನ ಚಿತ್ರ ಪರದೆಯ ಮೇಲೆ ಹಾಗೆಯೇ ಇರಬೇಕು, ಪರೀಕ್ಷೆಯ ದಿನವೂ ಇರಬೇಕು. ಇನ್ನೊಂದು ಕಾರಣ ಬೇಸಿಗೆ ರಜೆ. ಎರಡು ತಿಂಗಳು ಬಾಗಿಲು ಹಾಕಿದ್ದ ಪ್ರಯೋಗಾಲಯದಲ್ಲಿ ಸ್ಥಿರ ಆವೃತ್ತಿಯ ಗಣಕ ಜೂನಿನಲ್ಲಿ ಮೊದಲಿನಂತೆಯೇ ಏಳುತ್ತದೆ. ಆರ್ಚ್‌ನಂತಹ ವ್ಯವಸ್ಥೆಯಲ್ಲಿ ಅಷ್ಟು ಕಾಲದ ಬದಲಾವಣೆ ಒಟ್ಟಿಗೆ ಬಂದು ಬೀಳುತ್ತದೆ. ಸಹಿಯ ಕೀಲಿಗಳು ಹಳತಾಗಿ ಪರಿಷ್ಕರಣೆಯೇ ನಿಲ್ಲಬಹುದು. ಕರ್ನಾಟಕದಲ್ಲಿಯೂ 2011ರ ಸುಮಾರಿಗೆ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಜೊತೆಗೂಡಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟು ಬಳಕೆಯಾಯಿತು, ಆದರೆ ಕೇರಳದಂತೆ ಇಡೀ ರಾಜ್ಯಕ್ಕೊಂದು ವ್ಯವಸ್ಥೆ ಎಂಬ ಮಟ್ಟಕ್ಕೆ ಬೆಳೆಯಲಿಲ್ಲ.

ಭದ್ರತೆಯ ವಿಷಯದಲ್ಲಿ ಯಾವುದು ಮೇಲು ಎಂಬ ವಾದಕ್ಕೆ ಇತಿಹಾಸ ಎರಡೂ ಕಡೆ ಸಾಕ್ಷಿ ಹೇಳುತ್ತದೆ. 2006ರಲ್ಲಿ ಡೆಬಿಯನ್ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶದ ತನ್ನ ಪ್ರತಿಯಲ್ಲಿ ಮಾಡಿಕೊಂಡ ಸಣ್ಣ ತಿದ್ದುಪಡಿಯಿಂದ ರಹಸ್ಯ ಕೀಲಿಗಳು ಊಹಿಸಬಹುದಾದಷ್ಟು ದುರ್ಬಲವಾದವು. ಆ ದೋಷ ಸ್ಥಿರ ಆವೃತ್ತಿಯೊಳಗೂ ಸೇರಿ 2008ರ ಮೇ ತನಕ ಯಾರ ಕಣ್ಣಿಗೂ ಬೀಳಲಿಲ್ಲ. ಪರೀಕ್ಷಿಸಿದ್ದು ಎಂದರೆ ನಿರ್ದೋಷಿ ಎಂದಲ್ಲ. 2014ರ ಹಾರ್ಟ್‌ಬ್ಲೀಡ್ ಲೋಪ ಇದಕ್ಕೆ ತಿರುಗುಮುರುಗು: ಓಪನ್‌ಎಸ್‌ಎಸ್‌ಎಲ್‌ನ ಹೊಸ 1.0.1 ಸರಣಿ ಸಿಕ್ಕಿಬಿತ್ತು, ಹಳೆಯ 0.9.8ರಲ್ಲೇ ಉಳಿದವರು ಪಾರಾದರು. 2024ರ ಮಾರ್ಚ್ 29ರಂದು ತಂತ್ರಾಂಶಕಾರ ಆಂಡ್ರೆಸ್ ಫ್ರಾಯಿಂಡ್ ಬಯಲಿಗೆಳೆದ ಎಕ್ಸ್‌ಝಡ್ ಪ್ರಕರಣ ಇನ್ನೂ ಬೋಧಪ್ರದ. ಕಡತಗಳನ್ನು ಒತ್ತಿ ಚಿಕ್ಕದಾಗಿಸುವ ಆ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಉದ್ದೇಶಪೂರ್ವಕವಾಗಿ ಕಳ್ಳಬಾಗಿಲು ಇಟ್ಟಿದ್ದರು. ಡೆಬಿಯನ್‌ನ ಅಸ್ಥಿರ ಮತ್ತು ಪರೀಕ್ಷಾ ಶಾಖೆಗಳಿಗೆ, ಓಪನ್‌ಸೂಸೆ ಟಂಬಲ್‌ವೀಡ್‌ಗೆ ಅದು ತಲಪಿಯೇ ಬಿಟ್ಟಿತ್ತು. ಡೆಬಿಯನ್ ಸ್ಥಿರ ಆವೃತ್ತಿಗೆ ಬರುವ ಮೊದಲೇ ಸಿಕ್ಕಿಬಿದ್ದಿತು. ಹೊಸದನ್ನು ಮೊದಲು ಬಳಸುವವರು ಸುದ್ದಿಯಿಲ್ಲದೆ ಉಳಿದವರ ಕಾವಲುಗಾರರಾಗಿರುತ್ತಾರೆ. ಅವರಿಲ್ಲದೆ ಸ್ಥಿರ ಆವೃತ್ತಿಯೂ ಇಲ್ಲ.

ದೀರ್ಘ ಬೆಂಬಲದ ಮಾತನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ರೆಡ್ ಹ್ಯಾಟ್‌ನ ವ್ಯವಸ್ಥೆಯನ್ನು ಉಚಿತವಾಗಿ ಒದಗಿಸುತ್ತಿದ್ದ ಸೆಂಟ್‌ಓಎಸ್‌ನ 8ನೆಯ ಆವೃತ್ತಿ 2029ರ ತನಕ ನಡೆಯುತ್ತದೆಂದು ಲೆಕ್ಕ ಹಾಕಿ ಸರ್ವರ್ ಕೂರಿಸಿದವರಿಗೆ, ಅದು 2021ರ ಕೊನೆಗೇ ಮುಗಿಯುತ್ತದೆಂಬ ಪ್ರಕಟಣೆ 2020ರ ಡಿಸೆಂಬರಿನಲ್ಲಿ ಬಂತು. ಬದಲಿಗೆ ಸಿಕ್ಕಿದ್ದು ನಿರಂತರ ಬದಲಾಗುವ ಸೆಂಟ್‌ಓಎಸ್ ಸ್ಟ್ರೀಮ್. ಸ್ಥಿರ ಆವೃತ್ತಿಗೆಂದು ಬಂದವರನ್ನು ಉರುಳುವ ದಾರಿಗೆ ಹತ್ತಿಸಿದಂತಾಯಿತು. 2021ರಲ್ಲಿ ಅಲ್ಮಾ ಲಿನಕ್ಸ್, ರಾಕಿ ಲಿನಕ್ಸ್‌ಗಳು ಹುಟ್ಟಿದ್ದು ಈ ಅಸಮಾಧಾನದಿಂದಲೇ.

ಉರುಳುವ ಆವೃತ್ತಿಯ ಪರವಾಗಿ ಕನ್ನಡದ ಕಡೆಯಿಂದ ಹೇಳಬೇಕಾದದ್ದೂ ಇದೆ. ಯೂನಿಕೋಡ್ 2021ರ ತನ್ನ 14ನೆಯ ಆವೃತ್ತಿಯಲ್ಲಿ ಹಳೆಗನ್ನಡ ಬರಹಗಳಿಗೆ ಬೇಕಾದ ನಕಾರ ಪೊಲ್ಲನ್ನು ಸೇರಿಸಿತು. ಮರುವರ್ಷ 15ನೆಯದರಲ್ಲಿ, ಕೊಂಕಣಿ ಮೊದಲಾದವನ್ನು ಕನ್ನಡ ಲಿಪಿಯಲ್ಲಿ ಬರೆಯಲು ನೆರವಾಗುವ ಒಂದು ಅನುಸ್ವಾರ ಚಿಹ್ನೆ ಬಂತು. ಇವು ಪರದೆಯ ಮೇಲೆ ಮೂಡಬೇಕಾದರೆ ಅಕ್ಷರ ಜೋಡಿಸುವ ಗ್ರಂಥಾಲಯವೂ ಅಕ್ಷರಶೈಲಿಯೂ ಹೊಸದಾಗಬೇಕು. ಉರುಳುವ ವ್ಯವಸ್ಥೆಯಲ್ಲಿ ಅದು ಸಿದ್ಧವಾದ ಕೆಲವೇ ದಿನಗಳಲ್ಲಿ ಬರುತ್ತದೆ, ಸ್ಥಿರ ವ್ಯವಸ್ಥೆಯಲ್ಲಿ ಎರಡು ವರ್ಷ ಕಾಯಬೇಕಾದೀತು. ಶಾಸನ, ಹಸ್ತಪ್ರತಿಗಳ ಸಂಪಾದಕರಿಗೆ ಈ ವ್ಯತ್ಯಾಸ ದೊಡ್ಡದು. ಅನುವಾದಕರ ಅನುಭವ ಮಾತ್ರ ಇದಕ್ಕೆ ವಿರುದ್ಧ. ಲಿನಕ್ಸ್‌ನ ಪರದೆ ರೂಪಿಸುವ ನೋಮ್‌ನಂತಹ ಯೋಜನೆಗಳು ಬಿಡುಗಡೆಗೆ ಮುನ್ನ ಪರದೆಯ ಪದಗಳನ್ನು ಬದಲಿಸದೆ ಕೆಲವು ವಾರ ತಡೆದಿಡುತ್ತವೆ. ಕೈಬೆರಳೆಣಿಕೆಯ ಕನ್ನಡ ಅನುವಾದಕರಿಗೆ ಉಸಿರಾಡಲು ಸಿಗುವ ಬಿಡುವು ಅದೊಂದೇ. ತಡೆಯೇ ಇಲ್ಲದ ತಂತ್ರಾಂಶದಲ್ಲಿ ಕನ್ನಡ ಮೆನುವಿನ ನಡುನಡುವೆ ಇಂಗ್ಲಿಷ್ ಇಣುಕುತ್ತಲೇ ಇರುತ್ತದೆ.

ಈಚಿನ ವರ್ಷಗಳಲ್ಲಿ ಪ್ರಶ್ನೆಯ ನೆಲೆಯೇ ಸ್ವಲ್ಪ ಸರಿದಿದೆ. ತಾಲ್ಲೂಕಿನ ಸರ್ವರುಗಳಲ್ಲಿದ್ದ ಉತಾರ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಸೇರಿ, ಎಲ್ಲಿಂದಲಾದರೂ ತೆಗೆಯುವಂತಾಗಿದೆ. ಇಂಡಿಯಿಂದ ಚಡಚಣ, ಮುದ್ದೇಬಿಹಾಳದಿಂದ ತಾಳಿಕೋಟಿ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಬಸವನ ಬಾಗೇವಾಡಿಯಿಂದ ಕೊಲ್ಹಾರ ಮತ್ತು ನಿಡಗುಂದಿ ಬೇರೆ ತಾಲ್ಲೂಕುಗಳಾದಾಗ ಊರುಗಳ ದಾಖಲೆಯೂ ಹೊಸ ಹೆಸರಿಗೆ ಸರಿಯಿತು. ಕಿಟಕಿಯ ಗಣಕದಲ್ಲಿ ಈಗ ಮುಖ್ಯವಾಗಿ ಬೇಕಾದದ್ದು ಬ್ರೌಸರ್, ಮತ್ತು ಬ್ರೌಸರ್ ಉರುಳುವ ಜಾತಿಯದೇ: 2021ರಲ್ಲಿ ಕ್ರೋಮ್ ನಾಲ್ಕು ವಾರಕ್ಕೊಂದು ಹೊಸ ಆವೃತ್ತಿಯ ಕ್ರಮಕ್ಕೆ ಬಂತು. ತಳದ ವ್ಯವಸ್ಥೆ ಸ್ಥಿರ, ಅದರ ಮೇಲಿನ ಬ್ರೌಸರ್ ಉರುಳುವುದು, ಅದರಾಚೆಯ ಹಕ್ಕು ದಾಖಲೆ ನಿತ್ಯ ತಿದ್ದಾಗುವುದು ಎಂಬ ಮೂರು ಪದರದ ಏರ್ಪಾಡೇ ಸದ್ಯಕ್ಕೆ ವಾಡಿಕೆ. ಆದರೆ ತಾನೇ ತಾನಾಗಿ ಬರುವ ಪರಿಷ್ಕರಣೆಗೂ ತಕರಾರಿನ ಅವಧಿ ಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ತಂತ್ರಾಂಶದ ಒಂದು ದೋಷಪೂರ್ಣ ಪರಿಷ್ಕರಣೆ ಸುಮಾರು 85 ಲಕ್ಷ ವಿಂಡೋಸ್ ಗಣಕಗಳನ್ನು ಒಂದೇ ದಿನ ಕೆಡವಿದಾಗ ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಡಬೇಕಾಯಿತು.

ಯಾವುದನ್ನು ಆರಿಸಬೇಕು ಎಂಬುದಕ್ಕೆ ಉತ್ತರ ಗಣಕದ ಮುಂದೆ ಕೂರುವವರನ್ನು ನೋಡಿ ಕೊಡಬೇಕು. ಸ್ವಂತ ಗಣಕದಲ್ಲಿ ತಂತ್ರಾಂಶ ಬರೆಯುವವರಿಗೆ, ಹೊಚ್ಚ ಹೊಸ ಯಂತ್ರಾಂಶ ಕೊಂಡವರಿಗೆ, ಕೆಟ್ಟರೆ ಸರಿಪಡಿಸುವ ಬಿಡುವು ಉಳ್ಳವರಿಗೆ ಉರುಳುವ ಆವೃತ್ತಿ ಸರಿ. ಸಾಲಿನಲ್ಲಿ ರೈತರು ನಿಂತಿರುವ ಕಚೇರಿಗೆ, ಶಾಲೆಗೆ, ಸಹಕಾರಿ ಸಂಘದ ಲೆಕ್ಕದ ಮೇಜಿಗೆ ಸ್ಥಿರ ಆವೃತ್ತಿಯೇ ತಕ್ಕದ್ದು. ಅಲ್ಲಿ ನಿತ್ಯ ಬದಲಾಗುವುದು ದಾಖಲೆ ಮಾತ್ರ ಆಗಿರಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಉಬುಂಟು 24.04ಕ್ಕೆ 2029ರ ತನಕ ಬೆಂಬಲವಿದೆ; 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ಕ್ಕೆ ಒಟ್ಟು ಐದು ವರ್ಷ ಎಂಬುದು ಆ ಯೋಜನೆಯ ವಾಡಿಕೆ. ತಾಲ್ಲೂಕಿನ ಕಚೇರಿ, ಶಾಲೆ, ಸಂಘಗಳಿಗೆ ಗಣಕ ಕೊಳ್ಳುವವರು ಟೆಂಡರಿನಲ್ಲಿ ಪ್ರೊಸೆಸರ್ ಮತ್ತು ಮೆಮೊರಿಯ ಜೊತೆಗೆ ಕಾರ್ಯಾಚರಣ ವ್ಯವಸ್ಥೆಯ ಬೆಂಬಲ ಮುಗಿಯುವ ದಿನಾಂಕವನ್ನೂ, ಆ ದಿನ ಬಂದಾಗ ಬದಲಾಯಿಸುವ ಹೊಣೆ ಯಾರದೆಂಬುದನ್ನೂ ಬರೆಯಿಸಿಕೊಳ್ಳಬೇಕು.